ಎದೆ ಮೇಲೆ ಮೂರು ಪಟ್ಟೆ ಇರುವ ಬೂದು ನೊಣ: ಫೋಟೋ ನೋಡಿ ಜಾತಿ ಹೇಳಬಹುದಾ?

ಎಲೆಮರೆ:
ಎಲೆ ಮೇಲೆ ಕೂತಿದ್ದ ನೊಣ ಇದು. ಬೂದು ಬಣ್ಣ, ಕೆಂಪು ಕಣ್ಣು, ಎದೆ ಮೇಲೆ ಉದ್ದಕ್ಕೆ ಮೂರು ಕಪ್ಪು ಪಟ್ಟೆ, ಹೊಟ್ಟೆ ಮೇಲೆ ಚದುರಂಗದ ಹಾಸಿನ ಹಾಗೆ ಚೌಕಗಳು. ಆ್ಯಪ್‌ಗೆ ಹಾಕಿದರೆ ಮನೆ ನೊಣ ಅನ್ನುತ್ತದೆ, ಅದೇ ಫೋಟೋ ಕ್ರಾಪ್ ಮಾಡಿ ಹಾಕಿದರೆ ಬೇರೆಯೇ ಹೆಸರು. ಚಿಟ್ಟೆಗಳ ಹೆಸರು ಬೇಗ ಸಿಗುತ್ತದೆ, ನೊಣಕ್ಕೆ ಯಾಕಿಷ್ಟು ಕಷ್ಟ?

ಬಿರುಗೂದಲು:
ಮನೆ ನೊಣ ಅಲ್ಲ. ಅದಕ್ಕೆ ಎದೆ ಮೇಲೆ ನಾಲ್ಕು ಪಟ್ಟೆ ಇರುತ್ತವೆ. ಇದು ಬಹುಮಟ್ಟಿಗೆ ಮಾಂಸದ ನೊಣ, ಸಾರ್ಕೊಫ್ಯಾಜಿಡೇ ಕುಟುಂಬ. (ಇವುಗಳ ಹೆಣ್ಣು ಸಾಮಾನ್ಯವಾಗಿ ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿಹುಳುಗಳನ್ನೇ ಹಾಕುತ್ತದೆ!) ಆದರೆ ಜಾತಿ ಕೇಳಬೇಡಿ. ಈ ಕುಟುಂಬದಲ್ಲಿ ಎಷ್ಟೋ ಜಾತಿಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ, ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಬೇರೆ ಮಾಡಬೇಕು. ಫೋಟೋ ಎಷ್ಟೇ ಚೆನ್ನಾಗಿದ್ದರೂ ಅದು ಕಾಣುವುದಿಲ್ಲ. ಕುಟುಂಬದ ಹೆಸರಿಗೆ ನಿಲ್ಲಿಸಿದರೆ ಅದೂ ಪೂರ್ತಿ ಸರಿಯಾದ ಉತ್ತರವೇ. ಸುಮ್ನೆ ಊಹಿಸಿ ಜಾತಿ ಬರೆದರೆ ಆ ದಾಖಲೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಎಲೆಮರೆ:
ಸರಿ, ಹಾಗಾದರೆ ಮುಂದಿನ ಸಲ ಯಾವ ಕೋನದಿಂದ ತೆಗೆಯಲಿ? ನನ್ನ ಹತ್ತಿರ ಇದರದ್ದೇ ಪಕ್ಕದಿಂದ ತೆಗೆದದ್ದು ಒಂದಿದೆ, ಸ್ವಲ್ಪ ಮಸುಕು.

ಎರಡುರೆಕ್ಕೆ:
ಪಕ್ಕದ್ದು ಹಾಕಿ, ಅದೇ ಬೇಕಾದದ್ದು. ಟ್ಯಾಕಿನಿಡೇ ಅನ್ನುವ ಇನ್ನೊಂದು ಕುಟುಂಬದ ನೊಣಗಳೂ ಹೀಗೇ ಬೂದು ಬಣ್ಣಕ್ಕೆ ಇರಬಹುದು. ಎದೆಯ ಹಿಂತುದಿಯಲ್ಲಿ ಸಣ್ಣ ತ್ರಿಕೋನದ ಫಲಕ ಇದೆ ಅಲ್ವಾ, ಟ್ಯಾಕಿನಿಡೇ ಆದರೆ ಅದರ ಕೆಳಗೆ ಇನ್ನೊಂದು ಉಬ್ಬು ಎದ್ದು ಕಾಣುತ್ತದೆ. ಮೇಲಿನಿಂದ ತೆಗೆದ ಫೋಟೋದಲ್ಲಿ ಅದು ಮುಚ್ಚಿಹೋಗುತ್ತದೆ.

ನಾನಾದರೆ ಮೇಲಿನಿಂದ, ಪಕ್ಕದಿಂದ, ಮುಖಕ್ಕೆ ನೇರವಾಗಿ ಮೂರನ್ನೂ ತೆಗೆಯುತ್ತೇನೆ. ಮುಖದ ಫೋಟೋದಲ್ಲಿ ಎರಡು ಕಣ್ಣುಗಳ ನಡುವಿನ ಜಾಗ ನೋಡಿ, ತುಂಬಾ ನೊಣಗಳಲ್ಲಿ ಗಂಡಿಗೆ ಕಣ್ಣುಗಳು ಹತ್ತಿರ, ಹೆಣ್ಣಿಗೆ ದೂರ. ಇನ್ನು ರೆಕ್ಕೆಯ ನರಗಳು ಸ್ಪಷ್ಟವಾಗಿ ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಜೇನುನೊಣದಂತೆಯೇ ಕಾಣುವ ಎರಿಸ್ಟಾಲಿಸ್ ಅನ್ನುವ ಹೋವರ್‌ಫ್ಲೈ (ಇದೂ ಒಂದು ಬಗೆಯ ನೊಣವೇ) ಇದೆ, ಅದರ ರೆಕ್ಕೆಯ ಒಂದು ನರ ಕೆಳಗೆ ಬಾಗಿ ಕುಣಿಕೆ ಹಾಕಿದಂತಿರುತ್ತದೆ. ಅದೊಂದನ್ನು ನೋಡಿದರೂ ಜೇನು ಅಲ್ಲ ಅಂತ ಗೊತ್ತಾಗುತ್ತದೆ.

ಬಣ್ಣ ನಂಬುವುದು ಕಷ್ಟ, ಬೆಳಕು ಬದಲಾದರೆ ಅದೂ ಬದಲಾಗುತ್ತದೆ. ಆದರೆ ದನಗಳನ್ನು ಕಚ್ಚುವ ಟಬಾನಿಡೇ ನೊಣಗಳ ಕಣ್ಣಿನ ಬಣ್ಣದ ಪಟ್ಟೆಗಳನ್ನು ಮಾತ್ರ ಬಿಡಬೇಡಿ. ಸತ್ತ ಮೇಲೆ ಅವು ಮಾಸಿಹೋಗುತ್ತವೆ, ಪಿನ್ ಚುಚ್ಚಿಟ್ಟ ಮಾದರಿಯಲ್ಲಿ ಸಿಗದ ವಿವರ ಜೀವಂತ ನೊಣದ ಫೋಟೋದಲ್ಲಿ ಸಿಗುತ್ತದೆ. ನನಗೆ ಇದು ತುಂಬಾ ಇಷ್ಟದ ವಿಷಯ.

ಎಲೆಮರೆ:
ಪಕ್ಕದ ಫೋಟೋ ಹಾಕಿದ್ದೇನೆ. ಫಲಕದ ಕೆಳಗೆ ಉಬ್ಬು ಇದೆಯಾ?

ಬಿರುಗೂದಲು:
ಕಾಣುತ್ತಿಲ್ಲ. ಸಾರ್ಕೊಫ್ಯಾಜಿಡೇ ಅಂತಲೇ ಹಾಕಿ.