ಪದಚರ್ಚೆ: ಕಾರು ಮಾರಾಟದ ಕರಾರಿನಲ್ಲಿ ‘ಮಾಡಿಫೈಡ್’ ಮತ್ತು ‘ಸ್ಟಾಕ್’

ಪ್ರಶ್ನೆ (ದಾವಣಗೆರೆ):
ಮಾನ್ಯರೇ, ನನ್ನ ಅಕ್ಕನ ಮಗ ತನ್ನ ಹಳೆಯ ಹೋಂಡಾ ಸಿಟಿ ವಿಟೆಕ್ ಕಾರನ್ನು ದಲ್ಲಾಳಿಗಳ ಕೈಗೆ ಕೊಡದೆ, ಚಿತ್ರದುರ್ಗದವರೊಬ್ಬರಿಗೆ ನೇರವಾಗಿ ಮಾರುತ್ತಿದ್ದಾನೆ. ಕಂಪನಿಯಿಂದ ಬಂದಾಗಲೇ 106 ಅಶ್ವಶಕ್ತಿಯಿದ್ದ ಆ 1.5 ಲೀಟರ್ ಇಂಜಿನ್ನಿನ ಗಾಡಿಗೆ ಬೇರೆ ಸೈಲೆನ್ಸರ್, ಏರ್ ಫಿಲ್ಟರ್, ಸ್ಪ್ರಿಂಗುಗಳನ್ನು ಹಾಕಿಸಿ, ಇಸಿಯು (ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್, ಅಂದರೆ ಅದರೊಳಗಿನ ಲೆಕ್ಕಗಳ ಬದಲಾವಣೆ, ಕೂಡ ಮಾಡಿಸಿದ್ದಾನೆ. ಕರಾರು ಬರೆದವರು ‘ಸುಧಾರಿತ ವಾಹನ’ ಎಂದು ನಮೂದಿಸಿದ್ದನ್ನು ಓದಿದ ಕೊಳ್ಳುವವರು, ಇದು ಅಪಘಾತವಾಗಿ ರಿಪೇರಿ ಮಾಡಿಸಿದ ಗಾಡಿಯೇ ಎಂದು ಕೇಳಿದರು. ನಾಳೆ ಸಂಜೆ ಸಹಿ ಆಗಬೇಕಾಗಿದೆ. ‘ಮಾಡಿಫೈಡ್’, ‘ಸ್ಟಾಕ್’ (ಕಂಪನಿಯಿಂದ ಬಂದಂತೆಯೇ ಇರುವುದು) ಎರಡಕ್ಕೂ ತಕ್ಕ ಪದಗಳನ್ನು ತಿಳಿಸಬೇಕಾಗಿ ಕೋರಿಕೆ.

ಉತ್ತರ 1:
‘ಮಾರ್ಪಡಿಸಿದ’ ಎಂಬ ಪದವಿರುವಾಗ ಈ ಪ್ರಶ್ನೆ ಏಕೆ ಹುಟ್ಟಿತೋ ತಿಳಿಯದು. ಹಳಗನ್ನಡದಲ್ಲಿ ಶಕಟರೇಫದೊಡನೆ (ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರ) ಬರೆಯುತ್ತಿದ್ದ ‘ಮಾಱು’ ನಮ್ಮಲ್ಲಿ ವಿಕ್ರಯಕ್ಕೆ ಸಲ್ಲುತ್ತದೆ; ಅದರ ತಮಿಳು ಸೋದರ ಪದಕ್ಕೆ ಬದಲಾಗು ಎಂಬ ಅರ್ಥ ಇಂದಿಗೂ ಬಳಕೆಯಲ್ಲಿದೆ. ಅಂದರೆ ‘ಮಾರಾಟ’, ‘ಮಾರ್ಪಾಟು’ ಎರಡೂ ಒಂದೇ ಬೇರಿನವು, ನಿಮ್ಮ ಕರಾರಿಗೆ ಇದಕ್ಕಿಂತ ಒಪ್ಪುವ ಪದ ಸಿಗಲಾರದು. ‘ಸ್ಟಾಕ್’ ಎಂಬುದಕ್ಕೆ ‘ಮೂಲ’ ಸಾಕು. ಸೈಲೆನ್ಸರನ್ನು ‘ಹೊಗೆಗೊಳವೆ’ ಎಂದು ಬರೆಯಿರಿ.

ಉತ್ತರ 2 (ಚಿತ್ರದುರ್ಗ):
ಹೊಗೆಗೊಳವೆ ಇರುವುದು ಅಡುಗೆಮನೆಯ ಮೇಲೆ, ಕಾರಿನ ಕೆಳಗಲ್ಲ. ಬೇರಿನ ವಿಚಾರ ಸೊಗಸಾಗಿದೆ, ಕರಾರಿಗೆ ಮಾತ್ರ ಅದರಿಂದ ಉಪಯೋಗವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ನಿಗದಿಪಡಿಸಿದ್ದಕ್ಕೆ ಹೊಂದದಂತಾಗುವ ಹಾಗೆ ಮಾಲೀಕರು ವಾಹನವನ್ನು ಬದಲಿಸಕೂಡದು. 2019ರ ತಿದ್ದುಪಡಿಯ ಬಳಿಕ ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ‘ಮಾರ್ಪಡಿಸಿದ ವಾಹನ’ ಎಂದಷ್ಟೇ ಬರೆದರೆ, ಇಂಜಿನನ್ನೇ ಬದಲಿಸಿದ್ದಾರೆಂದು ಓದಿಕೊಳ್ಳಲು ಯಾರಿಗೂ ಅಡ್ಡಿಯಿಲ್ಲ. ಆದ್ದರಿಂದ ವಿಶೇಷಣವನ್ನು ಕೈಬಿಟ್ಟು, ಭಾಗಗಳನ್ನು ಹೆಸರಿಸಿ ‘ಬದಲಿಸಲಾಗಿದೆ’ ಎಂದು ಬರೆಯಿರಿ. ‘ಸ್ಟಾಕ್’ ಎಂಬುದಕ್ಕೆ ನಮ್ಮ ಗ್ಯಾರೇಜುಗಳಲ್ಲಿ ‘ಕಂಪನಿ ಫಿಟ್ಟಿಂಗ್’ ಎಂಬ ಮಾತು ಎಂದೋ ನೆಲೆಯೂರಿದೆ. ಅಂದಹಾಗೆ, ಕರಾರೊಂದರಿಂದಲೇ ನೋಂದಣಿ ಪತ್ರದಲ್ಲಿ ಮಾಲೀಕರ ಹೆಸರು ಬದಲಾಗುವುದಿಲ್ಲ. ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿಸಿ, ಮಾರಿದ 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಲಿ.

ಉತ್ತರ 1:
‘ಫಿಟ್ಟಿಂಗ್’ ಕನ್ನಡವಾದರೆ ನಿಘಂಟುಗಳನ್ನು ಮುಚ್ಚಿಡಬಹುದು.

ಉತ್ತರ 2:
ತಾವೇ ಮೇಲೆ ಬರೆದ ‘ಕರಾರು’ ಅರಬ್ಬಿ ಮೂಲದ್ದು, ‘ಮೂಲ’ವಂತೂ ಸಂಸ್ಕೃತ. ಅವೆರಡನ್ನೂ ತಡೆಯದ ಬಾಗಿಲು ಸೈಲೆನ್ಸರ್ ಬಂದಾಗ ಮಾತ್ರ ಮುಚ್ಚಿಕೊಳ್ಳುವುದು ತತ್ತ್ವವಲ್ಲ, ಅಭ್ಯಾಸಬಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಹೀಗೆ ಬರೆಸುತ್ತಿದ್ದೇನೆ: ‘ಸದರಿ ವಾಹನದ ಸೈಲೆನ್ಸರ್, ಏರ್ ಫಿಲ್ಟರ್ ಮತ್ತು ಸ್ಪ್ರಿಂಗುಗಳನ್ನು ಬದಲಿಸಲಾಗಿದ್ದು, ಕಂಪನಿಯ ಮೂಲ ಭಾಗಗಳನ್ನು ವಾಹನದೊಡನೆ ಒಪ್ಪಿಸಲಾಗಿದೆ.’ ರೀಮ್ಯಾಪ್ ಒಂದು ಉಳಿದಿದೆ. ‘ಇಸಿಯು ಮರುಹೊಂದಿಸಲಾಗಿದೆ’ ಎಂದರೆ ಸರಿಯಾಗುವುದೇ?

ಉತ್ತರ 2:
ಸರಿಯಾಗದು. ಕಂಪನಿಯಿಂದ ಬಂದ ಸ್ಥಿತಿಗೆ ಮರಳಿ ತರಲಾಗಿದೆ ಎಂಬ ಅರ್ಥವೂ ಅದಕ್ಕೆ ಬರುತ್ತದೆ. ‘ಇಸಿಯುವಿನಲ್ಲಿ ಇಂಧನ ಮತ್ತು ಕಿಡಿಯ ಸಮಯದ ಲೆಕ್ಕವನ್ನು ಬದಲಿಸಲಾಗಿದೆ’ ಎಂದು ಬಿಡಿಸಿ ಬರೆಯಿರಿ.