30×40 ಮನೆ, ಎರಡು ಮಹಡಿ: ಜಿಪ್ಸಮ್ ಫಾಲ್ಸ್ ಸೀಲಿಂಗ್‌ಗೆ ವೈಫೈ ಆ್ಯಕ್ಸೆಸ್ ಪಾಯಿಂಟ್ ಕೂರಿಸುವುದು ಹೇಗೆ?

ಕಾವೇರಿತೀರ:

ಎಲ್ಲರಿಗೂ ನಮಸ್ಕಾರ. ಕೆಳಗೆ ಹಾಲ್, ಅಡುಗೆಮನೆ, ಒಂದು ರೂಮು. ಮೇಲೆ ಮೂರು ರೂಮು, ನಡುವೆ ಪ್ಯಾಸೇಜ್. ಫೈಬರ್ ಬಾಕ್ಸ್ ಹಾಲಿನ ಟಿವಿ ಯೂನಿಟ್ ಒಳಗಿದೆ. ಮೇಲಿನ ಹಿಂದಿನ ರೂಮಿಗೆ ಸಿಗ್ನಲ್ ಬರುವುದೇ ಇಲ್ಲ ಅನ್ನಬಹುದು. ಸೀಲಿಂಗ್‌ಗೆ ಹಾಕುವ ದುಂಡನೆಯ ಆ್ಯಕ್ಸೆಸ್ ಪಾಯಿಂಟ್ (ವೈಫೈ ಹರಡುವ ಸಾಧನ) ಎರಡು ತಗೊಂಡು ಮಹಡಿಗೊಂದರಂತೆ ಹಾಕೋಣ ಅಂತ ಇದೆ. ಒಂದೊಂದೂ ಅರ್ಧ ಕೆಜಿ ಆಸುಪಾಸು, ಲ್ಯಾನ್ ಕೇಬಲ್‌ನಲ್ಲೇ ಕರೆಂಟ್ ಹೋಗುವ ಪಿಒಇ ಮಾದರಿ.

ಹಾಲಿನಲ್ಲಿ ಜಿಪ್ಸಮ್ ಫಾಲ್ಸ್ ಸೀಲಿಂಗ್ ಇದೆ, ಮೇಲೆ ಬರೀ ಆರ್‌ಸಿಸಿ ಮೋಲ್ಡ್. ಅರ್ಧ ಕೆಜಿ ತೂಕವನ್ನು ಜಿಪ್ಸಮ್ ಬೋರ್ಡ್ ತಡೆಯುತ್ತಾ? ಇಲ್ಲವಾದರೆ ಕಣ್ಣಿಗೆ ಕಾಣದಂತೆ ಬೋರ್ಡಿನ ಮೇಲ್ಗಡೆ ಇಟ್ಟುಬಿಡಬಹುದಾ? ಇನ್ನೊಂದು ವಿಷಯ, ಫ್ಯಾನ್ ಲೈಟಿನ ಪೈಪಿನಲ್ಲೇ ಲ್ಯಾನ್ ಕೇಬಲ್ ಎಳೆದರೆ ಗೋಡೆ ಒಡೆಯುವ ಕೆಲಸ ಉಳಿಯುತ್ತದೆ ಅಂತಾರೆ ಎಲೆಕ್ಟ್ರಿಷಿಯನ್. ಅದು ಸರಿಯೇ?

ಏಣಿ_ಸುತ್ತಿಗೆ:

ಸೀಲಿಂಗ್ ವಿಷಯ ನಾನು ಹೇಳುತ್ತೇನೆ, ಕೇಬಲ್ ವಿಷಯ ಗೊತ್ತಿರುವವರು ಹೇಳಲಿ.

ಜಿಪ್ಸಮ್ ಬೋರ್ಡ್ ಅಂದರೆ 12.5 ಮಿ.ಮೀ. ದಪ್ಪದ ಪುಡಿ, ಎರಡೂ ಕಡೆ ಕಾಗದ. ನೇರವಾಗಿ ಸ್ಕ್ರೂ ಹಾಕಿದರೆ ಮೊದಲ ದಿನ ಗಟ್ಟಿಯಾಗಿಯೇ ನಿಲ್ಲುತ್ತದೆ. ಆದರೆ ಭಾರ ಕೆಳಮುಖವಾಗಿ ಸದಾ ಎಳೆಯುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಬೋರ್ಡ್ ತೇವ ಹೀರಿದಾಗ ಸ್ಕ್ರೂ ಸುತ್ತಲಿನ ಪುಡಿ ಸಡಿಲವಾಗಿ, ಒಂದು ದಿನ ಸ್ಕ್ರೂ ಸಮೇತ ಕೆಳಗೆ ಬರುತ್ತದೆ. ಗೋಡೆಗೆ ಹಾಕುವ ಪ್ಲಾಸ್ಟಿಕ್ ರಾಲ್ ಪ್ಲಗ್ಗಿಗೆ ಬೋರ್ಡಿನಲ್ಲಿ ಹಿಡಿತವೇ ಇರುವುದಿಲ್ಲ, ಅದು ಇಟ್ಟಿಗೆ, ಕಾಂಕ್ರೀಟಿಗೆ ಮಾಡಿದ್ದು.

ಮಾಡಬೇಕಾದ್ದು ಇಷ್ಟು. ಬೋರ್ಡ್ ಹೊತ್ತಿರುವ ಜಿಐ ಸೆಕ್ಷನ್‌ಗಳು (ಸತು ಲೇಪದ ಲೋಹದ ಪಟ್ಟಿಗಳು) ಸಾಮಾನ್ಯವಾಗಿ ಒಂದೂವರೆ ಅಡಿಗೊಂದು ಇರುತ್ತವೆ. ಗಟ್ಟಿ ಮ್ಯಾಗ್ನೆಟ್ ಒಂದನ್ನು ಸೀಲಿಂಗ್ ಮೇಲೆ ಆಡಿಸಿದರೆ ಸಾಲಾಗಿ ಸ್ಕ್ರೂ ತಲೆಗಳು ಸಿಗುತ್ತವೆ, ಆ ಸಾಲೇ ಸೆಕ್ಷನ್. ಹತ್ತಿರದ ಡೌನ್‌ಲೈಟ್ ಬಿಚ್ಚಿದರೆ ಅದರ ತೂತಿನಿಂದ ಕೈ ಒಳಗೆ ಹೋಗುತ್ತದೆ. ಕೈ ಹಾಕುವ ಮುಂಚೆ ಆ ಲೈಟಿನ ಕರೆಂಟ್ ಹೋಗಿದೆಯೇ ಅಂತ ಟೆಸ್ಟರ್ ಇಟ್ಟು ನೋಡಿ. 12 ಮಿ.ಮೀ. ಪ್ಲೈವುಡ್ಡಿನ ಪಟ್ಟಿಯನ್ನು ಆ ತೂತಿನಲ್ಲಿ ತೂರುವಷ್ಟು ಅಗಲ, ಒಂದು ಅಡಿ ಉದ್ದಕ್ಕೆ ಕತ್ತರಿಸಿ ಬೋರ್ಡಿನ ಹಿಂಬದಿಗೆ ಇಡಿ. ಅದರ ಒಂದು ತುದಿ ಸೆಕ್ಷನ್ ಮೇಲೆ ಕೂತಿರಲಿ. ಕೆಳಗಿನಿಂದ ಜಿಪ್ಸಮ್ ಸ್ಕ್ರೂ ಹೊಡೆದು ಪಟ್ಟಿಯನ್ನು ಸೆಕ್ಷನ್‌ಗೂ ಬೋರ್ಡಿಗೂ ಬಿಗಿಯಿರಿ. ಈಗ ಆ್ಯಕ್ಸೆಸ್ ಪಾಯಿಂಟಿನ ಬ್ರಾಕೆಟ್ ಸ್ಕ್ರೂಗಳು ಬೋರ್ಡ್ ದಾಟಿ ಪ್ಲೈವುಡ್ ಹಿಡಿಯುತ್ತವೆ, ಅದಕ್ಕೆ 30 ಅಥವಾ 35 ಮಿ.ಮೀ. ಸ್ಕ್ರೂ ಬೇಕು. ಡಬ್ಬದಲ್ಲಿ ಬರುವ ಗಿಡ್ಡ ಸ್ಕ್ರೂ ಸಾಲದು.

ಇಷ್ಟಕ್ಕೇ ನಿಲ್ಲಿಸಬೇಡಿ. ಮೇಲಿನ ಮೋಲ್ಡಿಗೆ ಒಂದು ಹುಕ್ ಆ್ಯಂಕರ್ ಹಾಕಿ, ತೆಳು ಸ್ಟೀಲ್ ತಂತಿಯಿಂದ ಬ್ರಾಕೆಟ್ಟಿಗೆ ಕಟ್ಟಿ. ತಂತಿ ಸ್ವಲ್ಪ ಸಡಿಲವೇ ಇರಲಿ, ಅದು ಭಾರ ಹೊರುವುದಕ್ಕಲ್ಲ. ಬೋರ್ಡ್ ಬಿಟ್ಟುಕೊಂಡರೂ ಸೋಫಾದಲ್ಲಿ ಕೂತವರ ತಲೆ ಮೇಲೆ ಬೀಳದಿರಲಿ ಅಂತ. ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಇದನ್ನು ಬಿಡಲೇಬಾರದು. ಲ್ಯಾನ್ ಕೇಬಲ್ಲನ್ನೇ ಆಧಾರ ಅಂದುಕೊಳ್ಳಬೇಡಿ, ಭಾರ ಬಿದ್ದರೆ ಮೊದಲು ಕಿತ್ತುಬರುವುದು ಅದರ ತುದಿಯ ಆರ್‌ಜೆ45 ಪ್ಲಗ್.

ಬೋರ್ಡಿನ ಮೇಲ್ಗಡೆ ಇಡುವ ಯೋಚನೆ ಬಿಡಿ. ಜಿಪ್ಸಮ್ ಒಂದೇ ಆಗಿದ್ದರೆ ಸಿಗ್ನಲ್‌ಗೆ ಹೆಚ್ಚೇನೂ ಅಡ್ಡಿಯಿಲ್ಲ. ಆದರೆ ಅಲ್ಲಿ ಜಿಐ ಸೆಕ್ಷನ್, ಹ್ಯಾಂಗರ್, ಲೈಟ್ ಡ್ರೈವರ್, ಕೆಲವು ಮನೆಗಳಲ್ಲಿ ಎಸಿಯ ತಾಮ್ರದ ಪೈಪು, ಎಲ್ಲ ಲೋಹವೇ. ಗಾಳಿಯೂ ಆಡುವುದಿಲ್ಲ, ಬೇಸಿಗೆ ಮಧ್ಯಾಹ್ನ ಅಲ್ಲಿನ ಕಾವಿಗೆ ಸಾಧನ ತಾನೇ ವೇಗ ಇಳಿಸಿಕೊಳ್ಳುತ್ತದೆ, ಇಲ್ಲವೇ ರೀಸ್ಟಾರ್ಟ್ ಆಗುತ್ತಿರುತ್ತದೆ. ಮುಂದೆ ರೀಸೆಟ್ ಬಟನ್ ಒತ್ತಬೇಕಾದರೆ ಮತ್ತೆ ಸೀಲಿಂಗ್ ಕೊಯ್ಯಬೇಕು.

ತಾಮ್ರದತಂತಿ:

ಎಲೆಕ್ಟ್ರಿಷಿಯನ್ ಹೇಳಿದ್ದಕ್ಕೆ ಉತ್ತರ: ಬೇಡ, ಯಾವ ಕಾರಣಕ್ಕೂ ಬೇಡ. 230 ವೋಲ್ಟಿನ ವೈರ್ ಇರುವ ಪೈಪಿನಲ್ಲಿ ಲ್ಯಾನ್ ಕೇಬಲ್ ಹಾಕಬಾರದು. ಸಿಗ್ನಲ್ ಕೆಡುತ್ತದೆ ಅನ್ನುವುದು ಆಮೇಲಿನ ಮಾತು. ಸ್ಪ್ರಿಂಗ್ ಹಾಕಿ ಎಳೆಯುವಾಗ ಬೆಂಡುಗಳಲ್ಲಿ ಹಳೆ ವೈರಿನ ಇನ್ಸುಲೇಷನ್ ಉಜ್ಜಿ ತಾಮ್ರ ಹೊರಬಂದರೆ, ಲ್ಯಾನ್ ಕೇಬಲ್‌ನ ತೆಳು ಹೊದಿಕೆ ಅದನ್ನು ತಡೆಯುವಂಥದ್ದಲ್ಲ. ಆಗ ಮೇನ್ಸ್ ಕರೆಂಟ್ ನೇರ ನೆಟ್‌ವರ್ಕ್ ಸ್ವಿಚ್ಚಿಗೆ (ಲ್ಯಾನ್ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ), ಟಿವಿಗೆ, ಲ್ಯಾಪ್‌ಟಾಪ್ ಹಿಡಿದವರ ಕೈಗೆ ಬರುತ್ತದೆ. ಬೇರೆ ಪೈಪೇ ಇರಬೇಕು. ಪಕ್ಕಪಕ್ಕದಲ್ಲಿ ಹೋಗುವುದಾದರೆ ಎಂಟು ಇಂಚು ಅಂತರ ಬಿಡಿ, ದಾಟುವ ಕಡೆ ನೇರ ಅಡ್ಡಲಾಗಿ ದಾಟಿಸಿ.

ಗೋಡೆ ಒಡೆಯುವ ಮುಂಚೆ ಹಳೆ ಟಿವಿ ಕೇಬಲ್ ಅಥವಾ ಟೆಲಿಫೋನ್ ಪೈಪ್ ಇದೆಯೇ ನೋಡಿ. ನಮ್ಮ ಕಡೆ ಬಹಳಷ್ಟು ಮನೆಗಳಲ್ಲಿ ಕಟ್ಟುವಾಗಲೇ ಹಾಕಿರುತ್ತಾರೆ. 20 ಮಿ.ಮೀ. ಪೈಪಿನಲ್ಲಿ ಕ್ಯಾಟ್6 ಲ್ಯಾನ್ ಕೇಬಲ್ ಎರಡು ಸಲೀಸಾಗಿ ಹೋಗುತ್ತವೆ, ಮೂರನೆಯದು ಬೆಂಡ್ ಇದ್ದರೆ ಕಷ್ಟ.

ಕೇಬಲ್ ಕೊಳ್ಳುವಾಗ ಒಂದೇ ಒಂದು ವಿಷಯಕ್ಕೆ ಹಟ ಹಿಡಿಯಿರಿ: ಪೂರ್ತಿ ತಾಮ್ರ. ಅಗ್ಗದ ಡಬ್ಬಗಳ ಮೇಲೆ ಸಿಸಿಎ ಅಂತ ಇರುತ್ತದೆ, ಅದು ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ತಡೆ ಸುಮಾರು ಒಂದೂವರೆ ಪಟ್ಟು. ಪಿಒಇ ಕರೆಂಟ್ ಹರಿಯುವಾಗ ಬಿಸಿಯಾಗುತ್ತದೆ, ವೋಲ್ಟೇಜ್ ಬೀಳುತ್ತದೆ, ಬಗ್ಗಿಸಿದ ಕಡೆ ಪಟ್ಟನೆ ಮುರಿಯುತ್ತದೆ. ಅಂಗಡಿಯಲ್ಲೇ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬಿಳಿ ಬಣ್ಣ ಕಂಡರೆ ವಾಪಸ್ ಕೊಡಿ. ಎರಡೂ ತುದಿಗೆ ಪ್ಲಗ್ ಹಾಕಿಯೇ ಬರುವ ಮೆತ್ತನೆಯ ಪ್ಯಾಚ್ ಕಾರ್ಡನ್ನೂ ಗೋಡೆಯೊಳಗೆ ಎಳೆಯಬೇಡಿ. ಪೈಪಿಗೆ ಒಳಗಿನ ಪ್ರತಿ ವೈರೂ ಗಟ್ಟಿ ಒಂಟಿ ಎಳೆಯಾಗಿರುವ ಕೇಬಲ್ಲೇ ಸರಿ. ನಿಮ್ಮ ಮನೆಗೆ 50 ಮೀಟರ್ ಸಾಕು, ಪ್ರತಿ ತುದಿಯಲ್ಲೂ ಒಂದು ಮೀಟರ್ ಸುತ್ತಿಟ್ಟರೂ ಉಳಿಯುತ್ತದೆ.

ಕ್ರಿಂಪ್ ಮಾಡುವಾಗ, ಅಂದರೆ ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂರಿಸುವಾಗ, ಎರಡೂ ತುದಿಗೆ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜೋಡಿಯ ತಿರುಚನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬೇಡಿ, ಹೊರ ಹೊದಿಕೆ ಪ್ಲಗ್ಗಿನ ಒಳಗೆ ಹೋಗಿ ಹಿಡಿತಕ್ಕೆ ಸಿಗಬೇಕು. ಬೆಂಡು ಒಂದು ಇಂಚಿನ ತ್ರಿಜ್ಯಕ್ಕಿಂತ ಬಿಗಿಯಾಗಬಾರದು. ಎಲ್ಲ ಆದಮೇಲೆ ಲಿಂಕ್ 1 ಗಿಗಾಬಿಟ್ ಬದಲು 100 ಮೆಗಾಬಿಟ್ ತೋರಿಸಿದರೆ ಸಾಧನವನ್ನು ಬೈಯಬೇಡಿ, ನೀಲಿ ಅಥವಾ ಕಂದು ಜೋಡಿ ಎಲ್ಲೋ ಸರಿಯಾಗಿ ಕೂತಿಲ್ಲ. 100 ಮೆಗಾಬಿಟ್‌ಗೆ ಕಿತ್ತಳೆ, ಹಸಿರು ಜೋಡಿಗಳೇ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು.

ಪಿಒಇ ಯಾವುದು ಅಂತ ಸಾಧನದ ಹಿಂದೆ ಓದಿ. 802.3ಎಎಫ್ ಅಂದರೆ ಸ್ವಿಚ್ಚಿನಿಂದ 15.4 ವ್ಯಾಟ್ ಹೊರಟು ಸಾಧನಕ್ಕೆ 12.95 ಸಿಗುತ್ತದೆ. 802.3ಎಟಿ ಆದರೆ 30 ಹೊರಟು 25.5. ಎಟಿ ಕೇಳುವ ಸಾಧನಕ್ಕೆ ಎಎಫ್ ಕೊಟ್ಟರೆ ಕೆಲವು ಹೊತ್ತಿಕೊಳ್ಳುವುದೇ ಇಲ್ಲ, ಕೆಲವು ಹೊತ್ತಿಕೊಂಡು ಲೋಡ್ ಏರಿದಾಗ ಆರುತ್ತವೆ. ಎರಡು ಸಾಧನಕ್ಕೆ ನಾಲ್ಕು ಪೋರ್ಟಿನ ಎಟಿ ಸ್ವಿಚ್, ಒಟ್ಟು 60 ವ್ಯಾಟ್ ಬಜೆಟ್ ಇದ್ದರೆ ನಿಶ್ಚಿಂತೆ. 24 ವೋಲ್ಟ್ ಪ್ಯಾಸಿವ್ ಅಡಾಪ್ಟರ್ ಮನೆಯಲ್ಲಿ ಬಿದ್ದಿದ್ದರೆ ಅದನ್ನು ಈ ಕೇಬಲ್‌ಗೆ ಸಿಕ್ಕಿಸಬೇಡಿ. ಎಎಫ್, ಎಟಿ ಎದುರಿನ ಸಾಧನವನ್ನು ವಿಚಾರಿಸಿಕೊಂಡೇ ಕರೆಂಟ್ ಬಿಡುತ್ತವೆ. ಪ್ಯಾಸಿವ್ ವಿಚಾರಿಸುವುದಿಲ್ಲ, ಟಿವಿ ಸಿಕ್ಕಿಸಿದ್ದರೂ ಬಿಡುತ್ತದೆ, ಪೋರ್ಟ್ ಸುಡುತ್ತದೆ.

ಕಾವೇರಿತೀರ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನೋಡಿದೆ, ಟಿವಿ ಯೂನಿಟ್ ಹಿಂದಿನಿಂದ ತಾರಸಿಗೆ ಡಿಶ್ ಕೇಬಲ್ ಪೈಪ್ ಹೋಗಿದೆ, ಮೇಲಿನ ಪ್ಯಾಸೇಜಿನಲ್ಲಿ ಅದಕ್ಕೊಂದು ಬಾಕ್ಸೂ ಇದೆ. ಡಿಶ್ ಈಗ ಬಳಸುತ್ತಿಲ್ಲ. ಹಾಗಾದರೆ ಮೇಲಿನದನ್ನು ಪ್ಯಾಸೇಜ್ ಮೋಲ್ಡಿಗೆ ಹಾಕಬಹುದಲ್ಲ? ಮೋಲ್ಡಿಗೆ ಡ್ರಿಲ್ ಮಾಡುವಾಗ ಒಳಗಿನ ವೈರ್ ಪೈಪಿಗೆ ತಗುಲುತ್ತದೆ ಅನ್ನುವ ಭಯ.

ತಾಮ್ರದತಂತಿ:

ಒಳ್ಳೆಯದೇ ಆಯಿತು. ಹಳೆ ಡಿಶ್ ಕೇಬಲ್ಲನ್ನೇ ಎಳೆಯುವ ದಾರ ಮಾಡಿಕೊಳ್ಳಿ. ಅದರ ತುದಿಗೆ ಹೊಸ ಕೇಬಲ್ಲನ್ನೂ ಒಂದು ನೈಲಾನ್ ದಾರವನ್ನೂ ಸೇರಿಸಿ ಟೇಪ್ ಸುತ್ತಿ, ಒಬ್ಬರು ಎಳೆಯುವಾಗ ಇನ್ನೊಬ್ಬರು ತಳ್ಳಲಿ. ದಾರ ಪೈಪಿನಲ್ಲೇ ಉಳಿಯಲಿ, ಮುಂದೆ ಬೇಕಾಗುತ್ತದೆ. ಪ್ಯಾಸೇಜಿನಿಂದ ಮೇಲೆ ಉಳಿದ ಡಿಶ್ ಕೇಬಲ್ಲನ್ನು ಪೂರ್ತಿ ಹೊರಗೆ ತೆಗೆಯಿರಿ. ತಾರಸಿಯಿಂದ ಮನೆಯೊಳಗೆ ಬರುವ ಲೋಹದ ಎಳೆ ಸಿಡಿಲಿನ ಹೊಡೆತವನ್ನು ಒಳಗೆ ತರುವ ದಾರಿ, ಏಪ್ರಿಲ್ ಮೇ ಗುಡುಗಿನ ದಿನಗಳಲ್ಲಿ ಅದು ಲ್ಯಾನ್ ಕೇಬಲ್ ಪಕ್ಕ ಇರಬಾರದು. ತಾರಸಿಯಲ್ಲಿ ಪೈಪಿನ ಬಾಯಿಗೆ ಕ್ಯಾಪ್ ಹಾಕಿ, ಇಲ್ಲದಿದ್ದರೆ ಮಳೆ ನೀರು ನೇರ ನಿಮ್ಮ ಬಾಕ್ಸಿಗೆ ಇಳಿಯುತ್ತದೆ.

ಏಣಿ_ಸುತ್ತಿಗೆ:

ಪ್ಯಾಸೇಜ್ ಸರಿಯಾದ ಜಾಗ, ಮೂರೂ ರೂಮಿನ ಬಾಗಿಲು ಅಲ್ಲಿಗೇ ತೆರೆಯುತ್ತವೆ.

ಭಯ ಪಡುವುದರಲ್ಲಿ ಅರ್ಥವಿದೆ. ಮೋಲ್ಡ್ ಹಾಕುವಾಗ ವೈರ್ ಪೈಪುಗಳನ್ನು ಕೆಳಗಿನ ಕಂಬಿಯ ಮೇಲೆ ಹಾಸಿರುತ್ತಾರೆ. ಗಾರೆ, ಕವರ್, ಕಂಬಿ ಎಲ್ಲ ಸೇರಿ ಸುಮಾರು ಒಂದೂವರೆ ಇಂಚು ಆದಮೇಲೆ ಪೈಪ್ ಸಿಗಬಹುದು. ಅದಕ್ಕೇ 6 ಮಿ.ಮೀ. ಡ್ರಿಲ್ ಬಿಟ್‌ಗೆ ತುದಿಯಿಂದ 35 ಮಿ.ಮೀ. ದೂರದಲ್ಲಿ ಟೇಪ್ ಸುತ್ತಿ, ಟೇಪ್ ಮುಟ್ಟಿದ ಕೂಡಲೇ ನಿಲ್ಲಿಸಿ. 6×30 ರಾಲ್ ಪ್ಲಗ್ಗಿಗೆ ಅಷ್ಟು ಆಳ ಸಾಕು. ಫ್ಯಾನ್ ಬಾಕ್ಸ್, ಲೈಟ್ ಪಾಯಿಂಟ್, ಸ್ವಿಚ್ ಬೋರ್ಡ್ ಇವುಗಳ ನಡುವಿನ ನೇರ ಗೆರೆಯಲ್ಲಿ ತೂತು ಹೊಡೆಯಲೇಬೇಡಿ, ಪೈಪ್ ಹೋಗಿರುವುದೇ ಆ ದಾರಿಯಲ್ಲಿ. ಡ್ರಿಲ್ ಬಿಟ್ ಕಂಬಿಗೆ ತಗುಲಿ ಮುಂದೆ ಹೋಗದಿದ್ದರೆ ಒತ್ತಬೇಡಿ, ಬ್ರಾಕೆಟ್ಟನ್ನು ಒಂದು ಇಂಚು ಸರಿಸಿ. ಪ್ಲಗ್ ಹಾಕುವ ಮುನ್ನ ತೂತಿನ ಧೂಳು ಊದಿ ತೆಗೆಯಿರಿ. ಧೂಳು ಉಳಿದರೆ ಪ್ಲಗ್ ಅರ್ಧಕ್ಕೇ ನಿಂತು ಸ್ಕ್ರೂ ಸುಮ್ಮನೆ ಸುತ್ತುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ದಯವಿಟ್ಟು ಗಮನ ಕೊಟ್ಟು ಓದಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಮೇನ್ ಎಂಸಿಬಿ ಇಳಿಸಿದ್ದು ಸಾಲದು. ಮೇನ್ ಹೋದ ಕ್ಷಣವೇ ಇನ್ವರ್ಟರ್ ಎದ್ದು ಫ್ಯಾನ್, ಲೈಟಿನ ಲೈನಿಗೆ 230 ವೋಲ್ಟ್ ಕೊಡುತ್ತದೆ, ಸೀಲಿಂಗಿನಲ್ಲಿರುವುದು ಅದೇ ಲೈನು. ಇನ್ವರ್ಟರನ್ನೂ ಅದರದೇ ಸ್ವಿಚ್ಚಿನಲ್ಲಿ ಆಫ್ ಮಾಡಿ, ಲೈಟ್ ಹೋಲ್ಡರ್‌ನಲ್ಲಿ ಟೆಸ್ಟರ್ ಇಟ್ಟು ಖಚಿತ ಮಾಡಿಕೊಂಡ ಮೇಲೇ ಡ್ರಿಲ್. ಡ್ರಿಲ್ಲಿಗೆ ಕರೆಂಟ್ ಬೇಕಲ್ಲ, ಬ್ಯಾಟರಿ ಹ್ಯಾಮರ್ ಡ್ರಿಲ್ ಬಾಡಿಗೆಗೆ ತನ್ನಿ. ಇಲ್ಲವೇ ಆ ಮಹಡಿಯ ಲೈಟ್ ಲೈನು, ಪ್ಲಗ್ ಲೈನು ಎರಡೂ ಆಫ್ ಮಾಡಿ, ಇನ್ನೊಂದು ಮಹಡಿಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರುವ ಲೈನಿನಿಂದ ಎಕ್ಸ್‌ಟೆನ್ಷನ್ ಎಳೆಯಿರಿ. ಎ ಆಕಾರದ ಏಣಿ, ಕೆಳಗೆ ಹಿಡಿಯಲು ಒಬ್ಬರು, ಕಣ್ಣಿಗೆ ಕನ್ನಡಕ. ತಲೆ ಎತ್ತಿ ಕೊರೆಯುವಾಗ ಸಿಮೆಂಟ್ ಪುಡಿ ನೇರ ಕಣ್ಣಿಗೇ ಬೀಳುತ್ತದೆ.

ಫ್ಯಾನಿನ ನಡುಬಿಂದುವಿನಿಂದ ಕನಿಷ್ಠ ನಾಲ್ಕು ಅಡಿ ದೂರ ಇರಲಿ. 48 ಇಂಚಿನ ಫ್ಯಾನಿನ ರೆಕ್ಕೆ ಎರಡು ಅಡಿಯವರೆಗೆ ಬರುತ್ತದೆ, ಲೋಹದ ರೆಕ್ಕೆಯ ಮೇಲ್ಗಡೆ ಸಾಧನ ಇದ್ದರೆ ಸಿಗ್ನಲ್ ಏರಿಳಿಯುತ್ತಿರುತ್ತದೆ.

ಸಿಗ್ನಲ್_ಸಾಲು:

ಏಣಿ ಹತ್ತುವ ಮುಂಚೆ ಎರಡನ್ನೂ ಮೇಜಿನ ಮೇಲೆ ಇಟ್ಟುಕೊಂಡು ಅಪ್‌ಡೇಟ್, ಪಾಸ್‌ವರ್ಡ್, ಹೆಸರು ಎಲ್ಲ ಮುಗಿಸಿ. ಹಿಂದಿನ ಲೇಬಲ್ಲಿನ ಫೋಟೋ ತೆಗೆದಿಟ್ಟುಕೊಳ್ಳಿ.

ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್, ಆದರೆ ಚಾನೆಲ್ ಬೇರೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ 1, ಇನ್ನೊಂದಕ್ಕೆ 6 ಅಥವಾ 11, ಅಗಲ 20 ಮೆಗಾಹರ್ಟ್ಸ್ ಮಾತ್ರ. 5 ಗಿಗಾಹರ್ಟ್ಸ್‌ನಲ್ಲಿ ಕೆಳಗೆ 36, ಮೇಲೆ 149, ಅಗಲ 80. 52ರಿಂದ 144ರ ನಡುವಿನ ಚಾನೆಲ್ ಕೊಟ್ಟರೆ ರೇಡಾರ್ ಇದೆಯೇ ಎಂದು ಆಲಿಸಲು ಸಾಧನ ಕನಿಷ್ಠ ಒಂದು ನಿಮಿಷ ಸುಮ್ಮನಿರುತ್ತದೆ, ಅದನ್ನು ಕೆಟ್ಟಿದೆ ಅಂದುಕೊಳ್ಳುವವರೇ ಹೆಚ್ಚು. ಆ್ಯಕ್ಸೆಸ್ ಪಾಯಿಂಟಿನಲ್ಲಿ ಡಿಎಚ್‌ಸಿಪಿ (ಫೋನ್, ಟಿವಿಗಳಿಗೆ ಐಪಿ ವಿಳಾಸ ಹಂಚುವ ವ್ಯವಸ್ಥೆ) ಆಫ್ ಇರಲಿ, ಐಪಿ ಹಂಚುವುದು ಫೈಬರ್ ಬಾಕ್ಸ್ ಒಂದೇ. ಫೈಬರ್ ಬಾಕ್ಸಿನ ಸ್ವಂತ ವೈಫೈ ಆಫ್ ಮಾಡಿ.

ಪವರ್ ಪೂರ್ತಿ ಏರಿಸಬೇಡಿ. ಸಾಧನ ಕೂಗುವುದು ಫೋನಿಗೆ ಕೇಳಿಸಿದರೂ ಫೋನ್ ಅಷ್ಟು ಜೋರಾಗಿ ಉತ್ತರಿಸಲಾರದು. ಕಡ್ಡಿ ತುಂಬಿರುತ್ತದೆ, ಕಾಲ್ ಮಾತ್ರ ಕಡಿಯುತ್ತದೆ. 5 ಗಿಗಾಹರ್ಟ್ಸ್‌ಗೆ 17 ಡಿಬಿಎಂ (ಸಿಗ್ನಲ್ ಬಲದ ಅಳತೆ) ಆಸುಪಾಸು, 2.4ಕ್ಕೆ ಅದಕ್ಕಿಂತ ಆರು ಕಡಿಮೆ ಇಟ್ಟು ಶುರು ಮಾಡಿ. ಫೋನಿನಲ್ಲಿ ವೈಫೈ ಅಳೆಯುವ ಆ್ಯಪ್ ಹಾಕಿಕೊಂಡು ಬಾಗಿಲು ಮುಚ್ಚಿ ಪ್ರತಿ ರೂಮಿನ ಮೂಲೆಯಲ್ಲಿ ನೋಡಿ, ಮೈನಸ್ 67 ಡಿಬಿಎಂ ಅಥವಾ ಅದಕ್ಕಿಂತ ಬಲವಾಗಿ ಬಂದರೆ ವಿಡಿಯೋ ಕಾಲ್ ತಡವರಿಸದು. ಹಾಲಿನದನ್ನು ಮೆಟ್ಟಿಲಿನ ಬಾಯಿಗೆ ತೀರಾ ಹತ್ತಿರ ಹಾಕಬೇಡಿ. ಮೆಟ್ಟಿಲ ಜಾಗದಲ್ಲಿ ಮೋಲ್ಡ್ ಇಲ್ಲದ್ದರಿಂದ ಸಿಗ್ನಲ್ ಮೇಲೆ ನುಗ್ಗಿ, ಮೇಲಕ್ಕೆ ಹೋದ ಫೋನ್ ಕೆಳಗಿನದನ್ನೇ ಹಿಡಿದುಕೊಂಡು ಕೂರುತ್ತದೆ.

ಬಾಡಿಗೆಮನೆ:

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಮಾಲೀಕರು ಡ್ರಿಲ್ ಮಾಡಲು ಬಿಡುವುದಿಲ್ಲ. ಡಬಲ್ ಟೇಪ್ ಹಾಕಿ ಸೀಲಿಂಗ್‌ಗೆ ಅಂಟಿಸಬಹುದಾ?

ಏಣಿ_ಸುತ್ತಿಗೆ:

ತಲೆ ಮೇಲೆ ಬೇಡ. ಟೇಪ್ ಅಂಟುವುದು ಪೇಂಟಿಗೆ, ಗಾರೆಗಲ್ಲ. ಸಾಧನ ಸದಾ ಬಿಸಿ ಇರುವುದರಿಂದ ಅಂಟು ಮೆತ್ತಗಾಗಿ ಪೇಂಟ್ ಸಮೇತ ಕಳಚುತ್ತದೆ. ಬೀರುವಿನ ಮೇಲೆ ಅಥವಾ ಸಜ್ಜೆಯ ಅಂಚಿನಲ್ಲಿ ಒಂದು ಸ್ಟ್ಯಾಂಡಿಗೆ ನೆಟ್ಟಗೆ ನಿಲ್ಲಿಸಿ, ದುಂಡು ಮುಖ ರೂಮಿನ ಕಡೆಗಿರಲಿ. ಕಬ್ಬಿಣದ ಬೀರು ಆದರೆ ಅದರ ಹಿಂದೆ ಬೇಡ, ಮೇಲ್ಗಡೆ ಮುಂದಿನ ಅಂಚಿಗೆ ಇಡಿ. ಕೇಬಲ್ಲನ್ನು ಬಾಗಿಲಿನ ಚೌಕಟ್ಟಿನ ಪಕ್ಕ ಅಂಟಿಸುವ ಕೇಸಿಂಗ್ ಪಟ್ಟಿಯಲ್ಲಿ ತನ್ನಿ. ಪಟ್ಟಿಗೆ ತೂಕ ಇಲ್ಲದ್ದರಿಂದ ಅಲ್ಲಿ ಟೇಪ್ ಸಾಕು. ಮನೆ ಬಿಡುವಾಗ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ನಿಧಾನಕ್ಕೆ ಎಬ್ಬಿಸಿದರೆ ಪೇಂಟ್ ಕಿತ್ತುಬರುವುದು ಕಡಿಮೆ.