ಅಪ್‌ಡೇಟ್: ಮಗಳ ಕೋಣೆಯ ಗೋಡೆಗೆ ಬೇಕಲ ಕೋಟೆ ಬಂತು

ಮಳೆಗಾಲದಲ್ಲಿ ಬಣ್ಣ ಸಿಪ್ಪೆ ಏಳುವ ಗೋಡೆಯ ಮೇಲೆ ನಾವೇ ಚಿತ್ರ ಬರೆಯಬಹುದಾ ಅಂತ ಜೂನ್‌ನಲ್ಲಿ ಕೇಳಿದ್ದೆ ಅಲ್ವಾ. ಮೊದಲು ತೇವ ಎಲ್ಲಿಂದ ಬರುತ್ತದೆ ನೋಡಿ ಅಂದವರಿಗೆ ಥ್ಯಾಂಕ್ಸ್. ಹೊರಗಡೆ ಕಿಟಕಿಯ ಮೇಲೊಂದು ಬಿರುಕಿತ್ತು. ಅದನ್ನು ಮುಚ್ಚಿಸಿ, ಜನವರಿವರೆಗೆ ಕಾದೆವು. ಕಾಸರಗೋಡಿನ ಮಳೆ ಗೊತ್ತಲ್ಲ!

ಸಡಿಲ ಬಣ್ಣ ಕೆರೆದು, ಪುಟ್ಟಿ ಹಾಕಿ ಉಜ್ಜಿದಾಗ ಮನೆಯೆಲ್ಲ ಬಿಳಿ ಧೂಳು, ಅತ್ತೆ ಎರಡು ದಿನ ಮಾತಾಡಲಿಲ್ಲ. ಆಮೇಲೆ ಬಣ್ಣ ಗಟ್ಟಿಯಾಗಿ ಹಿಡಿಯಲು ಪ್ರೈಮರ್, ಅದರ ಮೇಲೆ ಎಮಲ್ಶನ್ ಬಣ್ಣ.

ಮಗಳಿಗೆ ಯೂನಿಕಾರ್ನ್ ಬೇಕಿತ್ತು, ನನಗೆ ನಮ್ಮ ಕಾಸರಗೋಡಿನ ಕಡಲಂಚಿನ ಬೇಕಲ ಕೋಟೆ. ಕೊನೆಗೆ 17ನೇ ಶತಮಾನದ ಕೋಟೆಗೆ ಯೂನಿಕಾರ್ನ್ ಕಾವಲು ಅಂತ ರಾಜಿಯಾಯಿತು. ಚಿತ್ರವನ್ನು ಗೋಡೆಗೆ ದೊಡ್ಡದು ಮಾಡಲು ಕಾಗದದ ಚಿತ್ರಕ್ಕೆ ಚೌಕ ಎಳೆದು, ಗೋಡೆಯಲ್ಲಿ 30 ಸೆಂಟಿಮೀಟರಿನ ಚೌಕಗಳನ್ನು ಚಾಕ್‌ನಲ್ಲೇ ಹಾಕಿದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಪೆನ್ಸಿಲ್ ಆದರೆ ತಿಳಿ ಬಣ್ಣದಡಿ ಇಣುಕುತ್ತದೆ. ಕೋಟೆಯ ಮುರಕಲ್ಲಿನ (ತೂತು ತೂತಾದ ಕೆಂಪು ಕಲ್ಲು) ತೂತುಗಳು ಬ್ರಷ್‌ನಲ್ಲಿ ಬರಲೇ ಇಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ಹರಿದು, ಗಾಢ ಕಂದು ಬಣ್ಣದಲ್ಲಿ ಅದ್ದಿ, ಹಳೇ ಪೇಪರಿನ ಮೇಲೆ ಮುಕ್ಕಾಲು ಬಣ್ಣ ಒತ್ತಿ ತೆಗೆದು, ಆಮೇಲೆ ಕೆಂಪಿನ ಮೇಲೆ ಸುಮ್ನೆ ತಟ್ಟಿದೆ. ನಮ್ಮ ಹಿತ್ತಲಿನ ಪಾಗಾರದ ಹಾಗೇ ಕಾಣುತ್ತದೆ!

ಒಂದು ತಪ್ಪು ಮಾಡಿದೆ. ಸಮುದ್ರದ ಗೆರೆಗೆ ಅಂಟಿಸಿದ ಮಾಸ್ಕಿಂಗ್ ಟೇಪನ್ನು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಎಳೆದಾಗ ಆಕಾಶವೂ ಜೊತೆಗೆ ಬಂತು. ಬಣ್ಣ ಪೂರ್ತಿ ಒಣಗುವ ಮೊದಲೇ ನಿಧಾನಕ್ಕೆ ತೆಗೆಯಬೇಕಿತ್ತು. ಕಿತ್ತುಹೋದ ಜಾಗದಲ್ಲಿ ಈಗ ಒಂದು ದೋಣಿ ಇದೆ, ಮಗಳೇ ಬರೆದದ್ದು, ಸ್ವಲ್ಪ ಚಪ್ಪಲಿ ಥರ ಇದೆ.